ಷೆಂಗೆನ್ ವೀಸಾ ಅರ್ಜಿ: ಪಹಣಿಯಿಂದ ಬೆರಳಚ್ಚಿನವರೆಗೆ

ನನ್ನ ತಂಗಿ ಜರ್ಮನಿಯಲ್ಲಿದ್ದಾಳೆ. ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದಲ್ಲಿ. "ಒಂದ್ಸಲ ಬಂದು ಹೋಗಿ" ಅಂತ ಅವಳು ಮೂರು ವರ್ಷ ಕರೆದ ಮೇಲೆ ಅಪ್ಪ ಒಪ್ಪಿದರು. ಅಲ್ಲಿಗೆ ಬೇಕಾದ ಷೆಂಗೆನ್ ವೀಸಾದ ಕಾಗದ ಜೋಡಿಸುವ ಕೆಲಸ ನನ್ನ ತಲೆಗೆ ಬಂತು. ನಾನೂ ಹೆಂಡತಿಯೂ ಅದಕ್ಕೆ ಮೊದಲೇ ಯುರೋಪ್ ಪ್ರವಾಸ ಮಾಡಿ ಬಂದಿದ್ದೆವು. ಹಾಗಾಗಿ ಎಲ್ಲ ಗೊತ್ತು ಅಂದುಕೊಂಡಿದ್ದೆ. ಸಂಬಳದವರ ಫೈಲೇ ಬೇರೆ, ತೋಟದವರ ಫೈಲೇ ಬೇರೆ ಅಂತ ಗೊತ್ತಾಗಿದ್ದು ಕೂತು ಕಾಗದ ಹರಡಿದ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅರ್ಜಿಯ ಮೇಲೆ ತೀರ್ಮಾನ ಮಾಡುವ ಅಧಿಕಾರಿ ಹೆಚ್ಚಾಗಿ ನಿಮ್ಮ ಮುಖವನ್ನೇ ನೋಡುವುದಿಲ್ಲ. ನೋಡುವುದು ಕಾಗದ ಮಾತ್ರ. ರಜೆ ಪತ್ರದಲ್ಲಿ 12 ದಿನ, ಹೋಟೆಲ್ ಬುಕಿಂಗ್‌ನಲ್ಲಿ 10 ರಾತ್ರಿ, ವಿಮೆಯಲ್ಲಿ 9 ದಿನ ಅಂತಿದ್ದರೆ ಅವರು ಫೋನ್ ಮಾಡಿ ಕೇಳುವುದು ಕಡಿಮೆ. ಸುಮ್ನೆ ತಿರಸ್ಕರಿಸಬಹುದು. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿ ಹೋಗಿದ್ದವು. ನೂರರಲ್ಲಿ ಸುಮಾರು 15 ತಿರಸ್ಕಾರವಾದವು. ಅವರೆಲ್ಲ ದುಡ್ಡಿಲ್ಲದವರು ಅಂತ ನನಗೆ ಅನಿಸುವುದಿಲ್ಲ. ಕಾಗದಗಳೆಲ್ಲ ಒಂದೇ ಮಾತು ಆಡಬೇಕು, ಅಷ್ಟೇ.

ಯಾವ ದೇಶಕ್ಕೆ ಅರ್ಜಿ ಹಾಕಬೇಕು

ಷೆಂಗೆನ್ ಅಂದರೆ ಈಗ ಯುರೋಪಿನ 29 ದೇಶಗಳ ಗುಂಪು. ಒಂದು ವೀಸಾ ಸಿಕ್ಕರೆ ಎಲ್ಲ ಕಡೆ ಓಡಾಡಬಹುದು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಇಲ್ಲ. ಲಂಡನ್ನಿಗೂ ಹೋಗುತ್ತೀರಾದರೆ ಅದಕ್ಕೆ ಬೇರೆ ವೀಸಾ ಮಾಡಿಸಬೇಕು.

ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ಯಾರಿಸ್‌ನಲ್ಲಿ 3 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 4 ರಾತ್ರಿ, ರೋಮ್‌ನಲ್ಲಿ 3 ರಾತ್ರಿ ಇದ್ದರೆ ಅರ್ಜಿ ಸ್ವಿಟ್ಜರ್ಲೆಂಡ್‌ಗೆ. ವಿಮಾನ ಪ್ಯಾರಿಸ್‌ನಲ್ಲಿ ಇಳಿದರೂ ಅಷ್ಟೇ. ಎಲ್ಲ ಕಡೆ ಸಮ ಸಮ ದಿನ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ.

"ಆ ದೇಶದ ಸ್ಲಾಟ್ (ಅರ್ಜಿ ಕೊಡಲು ಗೊತ್ತು ಮಾಡುವ ದಿನ, ಸಮಯ) ಸಿಗ್ತಿಲ್ಲ, ಈ ದೇಶದಲ್ಲಿ ಹಾಕೋಣ, ಆಮೇಲೆ ಎಲ್ಲಿಗಾದರೂ ಹೋಗಬಹುದು" ಅಂತ ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ. ಅದಕ್ಕಾಗಿ ಪ್ರವಾಸದ ಯೋಜನೆಯನ್ನೇ ಸುಳ್ಳು ಬರೆಯಬೇಕಾಗುತ್ತದೆ. ಸಿಕ್ಕಿಬಿದ್ದರೆ ದಾಖಲೆ ಐದು ವರ್ಷ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಮುಂದೆ ಯಾವ ಷೆಂಗೆನ್ ದೇಶಕ್ಕೆ ಹೋದರೂ ಕಾಣುತ್ತದೆ. ನಿಜವಾಗಿ ಹೋಗುವ ಕಡೆಗೇ ಹಾಕಿ.

ದಿನದ ಲೆಕ್ಕ

ಈ ವೀಸಾದ ಗರಿಷ್ಠ ಅವಧಿ, ಯಾವುದೇ 180 ದಿನಗಳ ಒಳಗೆ 90 ದಿನ. ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ. ಮೂರು ತಿಂಗಳು ಬೇರೆ, 90 ದಿನ ಬೇರೆ. ಮೇ 1ಕ್ಕೆ ಇಳಿದರೆ 90ನೇ ದಿನ ಜುಲೈ 29. ಜುಲೈ 31ಕ್ಕೆ ಟಿಕೆಟ್ ಮಾಡಿದರೆ ಎರಡು ದಿನ ಜಾಸ್ತಿ ಆಯಿತು. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಹೀಗೆ 90 ದಿನ ಪೂರಾ ಮುಗಿಸಿದವರು ಕೈಯಲ್ಲಿ ವೀಸಾ ಇದ್ದರೂ ಅಕ್ಟೋಬರ್ 28ಕ್ಕೆ ಮೊದಲು ಮತ್ತೆ ಒಳಗೆ ಹೋಗುವ ಹಾಗಿಲ್ಲ.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ತೆಗೆದುಕೊಳ್ಳುವುದಿಲ್ಲ. ತೀರಾ ತಡ ಅಂದರೂ 15 ದಿನ ಮೊದಲು ಕೊಟ್ಟಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದ ತನಕ ಎಳೆಯಬಹುದು. ಬೇಸಿಗೆ ರಜೆಗೆ ಇಡೀ ಬೆಂಗಳೂರೇ ಹೊರಟಿರುತ್ತದೆ, ಸ್ಲಾಟ್ ಸಿಗುವುದೇ ಕಷ್ಟ. ಏಪ್ರಿಲ್‌ನಲ್ಲಿ ಹೋಗುವುದಾದರೆ ಜನವರಿಯಲ್ಲೇ ಅರ್ಜಿ ಕೊಡುವ ಹಾಗೆ ನೋಡಿಕೊಳ್ಳಿ.

ಪಾಸ್‌ಪೋರ್ಟ್, ಮತ್ತು ನಮ್ಮ ಇನಿಷಿಯಲ್‌ಗಳ ಗೋಳು

ಪಾಸ್‌ಪೋರ್ಟ್ ಕಳೆದ 10 ವರ್ಷದ ಒಳಗೆ ಕೊಟ್ಟದ್ದಾಗಿರಬೇಕು. ನೀವು ಯುರೋಪ್ ಬಿಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು. ಎರಡು ಪುಟ ಖಾಲಿ ಇರಬೇಕು. ಹಳೆಯ ಪಾಸ್‌ಪೋರ್ಟ್ ಇದ್ದರೆ ಬಿಸಾಡಬೇಡಿ, ಜೊತೆಗೆ ಒಯ್ಯಿರಿ. ಹಿಂದೆ ಸಿಂಗಪುರಕ್ಕೋ ಅಮೆರಿಕಕ್ಕೋ ಹೋಗಿ ಸರಿಯಾಗಿ ವಾಪಸ್ ಬಂದಿದ್ದರೆ ಅದು ನಿಮ್ಮ ಪರ ಸಾಕ್ಷಿ.

ಹೆಸರಿನ ವಿಷಯ ಮಾತ್ರ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಜ್ಜನ ಹೆಸರು ಎಲ್ಲ ಬಿಡಿಸಿ ಬರೆದಿತ್ತು. ಪ್ಯಾನ್ ಕಾರ್ಡ್‌ನಲ್ಲಿ ಒಂದು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎರಡು. ಪಹಣಿಯಲ್ಲಂತೂ "ಇಂಥವರ ಮಗ ಇಂಥವರು" ಅಂತ. ಅಮ್ಮನಿಗೆ ಮದುವೆಗೆ ಮೊದಲು ತವರಿನ ಇನಿಷಿಯಲ್, ಆಮೇಲೆ ಅಪ್ಪನ ಹೆಸರು. ನಮಗೆ ಇವೆಲ್ಲ ಒಬ್ಬರೇ. ಕಾನ್ಸುಲೇಟ್‌ನಲ್ಲಿ ಅಂದರೆ ಆ ದೇಶದ ದೂತಾವಾಸ ಕಚೇರಿಯಲ್ಲಿ ಕೂತವರಿಗೆ ನಾಲ್ಕು ಜನ.

ಅರ್ಜಿಯಲ್ಲಿ, ಟಿಕೆಟ್‌ನಲ್ಲಿ, ವಿಮೆಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಉಳಿದ ಕಾಗದಗಳಲ್ಲಿ ವ್ಯತ್ಯಾಸ ಇದ್ದರೆ, ಈ ಹೆಸರುಗಳೆಲ್ಲ ಒಬ್ಬರದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ. ಸಮಯ ಇದ್ದರೆ ಬ್ಯಾಂಕಿನಲ್ಲಿ ಹೆಸರು ಸರಿ ಮಾಡಿಸುವುದು ಇನ್ನೂ ಒಳ್ಳೆಯದು.

ಮಗಳು ಇವರದೇ ಅಂತ ತೋರಿಸುವುದಕ್ಕೂ ನಾನು ಒದ್ದಾಡಿದೆ. ತಂಗಿಯ ಜನನ ಪ್ರಮಾಣಪತ್ರ ಎಲ್ಲಿದೆ ಅಂತ ಯಾರಿಗೂ ನೆನಪಿಲ್ಲ. ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸೋಣ ಅಂತ ಹೊರಟಿದ್ದೆ. ಆಮೇಲೆ ನೋಡಿದರೆ ಅವಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪ ಅಮ್ಮನ ಹೆಸರು ಇದ್ದೇ ಇತ್ತು! ಅದರ ಜೆರಾಕ್ಸ್ ಸೇರಿಸಿದೆ. ಜನನ ಪ್ರಮಾಣಪತ್ರ ಸಿಕ್ಕರೆ ಅದನ್ನೂ ಇಡಿ.

ದುಡ್ಡಿನ ಕಾಗದ

ಸಂಬಳದವರಿಗೆ ಇದು ಸುಲಭ. ಮೂರು ತಿಂಗಳ ಸಂಬಳದ ಚೀಟಿ, ಫಾರ್ಮ್ 16, ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಆಫೀಸಿನಿಂದ ರಜೆ ಮಂಜೂರಾದ ಪತ್ರ. ಆ ಪತ್ರದಲ್ಲಿ ಯಾವತ್ತಿನಿಂದ ಯಾವತ್ತಿನವರೆಗೆ ರಜೆ, ಮತ್ತೆ ಕೆಲಸಕ್ಕೆ ಯಾವತ್ತು ಹಾಜರು ಅಂತ ಇರಲೇಬೇಕು. ಅಂಗಡಿ, ವ್ಯಾಪಾರ ಇದ್ದವರು ಜಿಎಸ್‌ಟಿ ನೋಂದಣಿ, ಲೈಸೆನ್ಸ್, ರಿಟರ್ನ್ ಕೊಡುತ್ತಾರೆ. ನಿವೃತ್ತರಿಗೆ ಪಿಂಚಣಿ ಆದೇಶ ಮತ್ತು ಪಿಂಚಣಿ ಜಮಾ ಆಗುವ ಖಾತೆಯ ಸ್ಟೇಟ್‌ಮೆಂಟ್ ಇದ್ದರೆ ಸಾಕು.

ಬ್ಯಾಂಕ್ ಸ್ಟೇಟ್‌ಮೆಂಟ್ ಕೆಲವು ದೇಶಕ್ಕೆ 3 ತಿಂಗಳದ್ದು, ಕೆಲವಕ್ಕೆ 6 ತಿಂಗಳದ್ದು ಬೇಕು. ನಾನು 6 ತಿಂಗಳದ್ದೇ ಇಡುತ್ತೇನೆ. ಮೊಬೈಲಿನಿಂದ ಪ್ರಿಂಟ್ ತೆಗೆದದ್ದಕ್ಕೆ ಬ್ಯಾಂಕಿನ ಸೀಲು, ಸಹಿ ಹಾಕಿಸಿ.

ಎಷ್ಟು ದುಡ್ಡು ಬೇಕು ಅನ್ನುವುದನ್ನು ಪ್ರತಿ ದೇಶವೂ ತನ್ನದೇ ಲೆಕ್ಕದಲ್ಲಿ ಹೇಳುತ್ತದೆ. ಫ್ರಾನ್ಸ್ ಹೋಟೆಲ್ ಬುಕಿಂಗ್ ಇದ್ದವರಿಗೆ ದಿನಕ್ಕೆ 65 ಯೂರೋ, ಇಲ್ಲದವರಿಗೆ 120 ಯೂರೋ ಅಂತ ಇಟ್ಟಿದೆ. ಅದು ಕನಿಷ್ಠ. ಖಾತೆಯಲ್ಲಿ ಅದಕ್ಕಿಂತ ಹಿಗ್ಗಾಮುಗ್ಗಾ ದುಡ್ಡು ತೋರಿಸಬೇಕಾಗಿಲ್ಲ, ಆದರೆ ಪ್ರವಾಸ ಮುಗಿದ ಮೇಲೂ ಮನೆ ನಡೆಯುವಷ್ಟು ಉಳಿಯುತ್ತದೆ ಅಂತ ಕಾಣಬೇಕು.

ಜನ ಮಾಡುವ ದೊಡ್ಡ ತಪ್ಪೆಂದರೆ ಅರ್ಜಿಗೆ ಒಂದು ವಾರ ಮೊದಲು ಭಾವನಿಂದಲೋ ಗೆಳೆಯರಿಂದಲೋ ನಾಲ್ಕು ಲಕ್ಷ ತಂದು ಖಾತೆಗೆ ತುಂಬುವುದು. ಆರು ತಿಂಗಳು 20 ಸಾವಿರ ದಾಟದ ಖಾತೆಗೆ ಇದ್ದಕ್ಕಿದ್ದಂತೆ ಲಕ್ಷಗಟ್ಟಲೆ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ಈಗ ಅಡಿಕೆ ಬೆಳೆಗಾರರ ಕಷ್ಟ ನೋಡಿ. ಅವರ ಖಾತೆ ಇರುವುದೇ ಹಾಗೆ. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಮಾರಿದಾಗ ಒಟ್ಟಿಗೆ ಬರುತ್ತದೆ, ಆಮೇಲೆ ಕೂಲಿಗೆ, ಗೊಬ್ಬರಕ್ಕೆ ಅಂತ ಕರಗುತ್ತಾ ಹೋಗುತ್ತದೆ. ಅಪ್ಪನ ಸ್ಟೇಟ್‌ಮೆಂಟ್‌ನಲ್ಲಿ ಆ ಜಮೆ ನೋಡಿ ನನಗೇ ಗಾಬರಿಯಾಯಿತು, ಥೇಟ್ ಸಾಲ ತಂದು ತುಂಬಿದ ಹಾಗೆ ಕಾಣುತ್ತಿತ್ತು. ಅದಕ್ಕೆ ನಾನು ಮಾಡಿದ್ದು ಇಷ್ಟು. ಅಪ್ಪನದು ಮಾತ್ರ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದೆ. ಹಿಂದಿನ ವರ್ಷವೂ ಹೀಗೇ ಬಂದಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ. ಮಂಡಿಯಲ್ಲಿ ಅಡಿಕೆ ಮಾರಿದ ಬಿಲ್ಲುಗಳನ್ನು ಹುಡುಕಿ, ಬಿಲ್ಲಿನ ಮೊತ್ತ ಯಾವ ದಿನ ಖಾತೆಗೆ ಬಂತೋ ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಬಹಳ ರೈತರು ರಿಟರ್ನ್ ಹಾಕಿರುವುದೇ ಇಲ್ಲ. ಹಾಕದಿದ್ದರೆ ತಪ್ಪಲ್ಲ, ಆದರೆ ಯಾಕೆ ಹಾಕಿಲ್ಲ ಅಂತ ಅರ್ಜಿಯ ಜೊತೆ ಇಡುವ ಕವರಿಂಗ್ ಲೆಟರಿನಲ್ಲಿ ಒಂದು ಸಾಲು ಬರೆಯಬೇಕು. ಮುಂದೆ ಹೋಗುವ ಯೋಚನೆ ಇದ್ದರೆ ಈಗಿನಿಂದಲೇ ಕೃಷಿ ಆದಾಯ ತೋರಿಸಿ ರಿಟರ್ನ್ ಹಾಕುತ್ತಾ ಬನ್ನಿ. ಜಮೀನಿಗೆ ಪಹಣಿ ಸಾಕು, ಸರಕಾರದ "ಭೂಮಿ" ಜಾಲತಾಣದಲ್ಲಿ ಸಿಗುತ್ತದೆ. ಆದರೆ ಪಹಣಿ ಇರುವುದು ಕನ್ನಡದಲ್ಲಿ. ಅನುವಾದಕರ ಹತ್ತಿರ ಇಂಗ್ಲಿಷ್ ಮಾಡಿಸಿ, ಅವರ ಸೀಲು ಹಾಕಿಸಿ, ಮೂಲದ ಜೊತೆ ಲಗತ್ತಿಸಿ. ಕನ್ನಡದಲ್ಲಿರುವ ಮದುವೆ ಪ್ರಮಾಣಪತ್ರಕ್ಕೂ ಇದೇ ನಿಯಮ.

ಮಕ್ಕಳು ಕರೆಸಿಕೊಳ್ಳುವುದಾದರೆ

ಜರ್ಮನಿಯಲ್ಲಿ "ಇವರ ಖರ್ಚಿಗೆಲ್ಲ ನಾನೇ ಹೊಣೆ" ಅಂತ ಸರಕಾರಕ್ಕೆ ಬರೆದುಕೊಡುವ ಒಂದು ಪತ್ರ ಇದೆ. ಅದರ ಹೆಸರು ವರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್. ಅಪ್ಪ ಇದನ್ನು ಕೊನೆಯವರೆಗೂ "ಆ ಉದ್ದದ ಕಾಗದ" ಅಂತಲೇ ಕರೆದರು. ತಂಗಿ ತಾನಿರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ, ಸಂಬಳದ ಚೀಟಿ, ಮನೆ ಬಾಡಿಗೆ ಕರಾರು ತೋರಿಸಿ, 29 ಯೂರೋ ಕಟ್ಟಿ ಮಾಡಿಸಿದಳು. ಅಲ್ಲೂ ಸಮಯ ಗೊತ್ತು ಮಾಡಿಕೊಂಡೇ ಹೋಗಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯಬಹುದು. ಮೂಲ ಪ್ರತಿಯೇ ಬೆಂಗಳೂರಿಗೆ ಬರಬೇಕು. ಕೊರಿಯರ್ ದಿನವನ್ನೂ ಲೆಕ್ಕ ಹಾಕಿಕೊಳ್ಳಿ. ಫ್ರಾನ್ಸ್‌ನಲ್ಲಿ ಮನೆಯಲ್ಲಿ ಉಳಿಸಿಕೊಳ್ಳುವವರು ಆ ಊರಿನ ಪುರಸಭೆಯಿಂದ ಪ್ರಮಾಣಪತ್ರ ತರಬೇಕು.

ಈ ಪತ್ರ ಸಿಕ್ಕಿತು, ಇನ್ನು ಊರಿನ ಕಾಗದ ಬೇಡ ಅಂದುಕೊಳ್ಳಬೇಡಿ. ದುಡ್ಡಿನ ಪ್ರಶ್ನೆಗೆ ಅದು ಉತ್ತರ. ವಾಪಸ್ ಬರುತ್ತಾರಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಟಿಕೆಟ್, ಹೋಟೆಲ್, ವಿಮೆ

ಟಿಕೆಟ್ ರಿಸರ್ವೇಶನ್ ಇದ್ದರೆ ಸಾಕು. ವೀಸಾ ಬರುವ ಮೊದಲೇ ಪೂರಾ ದುಡ್ಡು ಕೊಟ್ಟು, ರದ್ದಾಗದ ಟಿಕೆಟ್ ಕೊಳ್ಳುವ ಧೈರ್ಯ ಮಾಡಬೇಡಿ. ಹೋಟೆಲನ್ನು ಉಚಿತವಾಗಿ ರದ್ದು ಮಾಡುವ ಸೌಲಭ್ಯದೊಂದಿಗೆ ಬುಕ್ ಮಾಡಿ. ಆದರೆ ಅರ್ಜಿ ಕೊಟ್ಟ ಮರುದಿನವೇ ರದ್ದು ಮಾಡುವ ಬುದ್ಧಿವಂತಿಕೆ ಬೇಡ. ಕಾನ್ಸುಲೇಟಿನವರು ಹೋಟೆಲಿಗೆ ಕೇಳಿ ನೋಡಬಹುದು. ನನಗೆ ಗೊತ್ತಿರುವ ಒಂದು ಮನೆಯವರ ಬುಕಿಂಗನ್ನು ಏಜೆಂಟ್ ಒಬ್ಬ ಅವರಿಗೆ ಹೇಳದೆಯೇ ರದ್ದು ಮಾಡಿಬಿಟ್ಟಿದ್ದ. ವೀಸಾ ಸಿಗಲಿಲ್ಲ, ಏಜೆಂಟಿನ ಫೀಸೂ ವಾಪಸ್ ಬರಲಿಲ್ಲ.

ಪ್ರಯಾಣದ ವೈದ್ಯಕೀಯ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೋ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಲ್ಲೂ ನಡೆಯುವಂಥದ್ದು. ತುರ್ತು ಚಿಕಿತ್ಸೆಯ ಜೊತೆಗೆ ಊರಿಗೆ ವಾಪಸ್ ಕಳಿಸುವ ಖರ್ಚೂ ಅದರಲ್ಲಿ ಸೇರಿರಬೇಕು. ಹೊರಡುವ ದಿನದಿಂದ ಬರುವ ದಿನದವರೆಗೆ ಒಂದು ದಿನವೂ ಬಿಟ್ಟುಹೋಗಬಾರದು. ವಯಸ್ಸಾದವರಿಗೆ ಮಾಡಿಸುವಾಗ ಇನ್ನೊಂದು ವಿಷಯ ನೋಡಿ. ಮೊದಲೇ ಇರುವ ಬಿಪಿ, ಶುಗರ್‌ಗೆ ಸಂಬಂಧಿಸಿದ ತೊಂದರೆಯನ್ನು ಬಹಳ ಪಾಲಿಸಿಗಳು ಒಪ್ಪುವುದಿಲ್ಲ. ವೀಸಾಕ್ಕೆ ಅಂಥ ಪಾಲಿಸಿ ನಡೆದೀತು. ಅಲ್ಲಿ ಹೋಗಿ ಆಸ್ಪತ್ರೆ ಸೇರಿದರೆ ಬಿಲ್ಲು ಕಟ್ಟುವವರು ನೀವೇ. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಅದನ್ನು ಒಪ್ಪುವ ಪಾಲಿಸಿಯನ್ನೇ ಹುಡುಕಿ.

ಕವರಿಂಗ್ ಲೆಟರ್

ಇದನ್ನು ನೆಟ್‌ನಿಂದ ಕಾಪಿ ಹೊಡೆಯಬೇಡಿ. ಇಡೀ ಫೈಲಿನಲ್ಲಿ ನೀವು ನಿಮ್ಮ ಮಾತಿನಲ್ಲಿ ಏನಾದರೂ ಹೇಳಲು ಸಿಗುವ ಜಾಗ ಇದೊಂದೇ. ಇಂಗ್ಲಿಷಿನಲ್ಲಿ, ಒಂದೇ ಪುಟ. ಯಾರು ನೀವು, ಯಾಕೆ ಹೋಗುತ್ತಿದ್ದೀರಿ, ಯಾವ ದಿನ ಎಲ್ಲಿರುತ್ತೀರಿ, ಖರ್ಚು ಯಾರದು, ವಾಪಸ್ ಯಾಕೆ ಬರಲೇಬೇಕು. ಇಷ್ಟೇ.

ಕೊನೆಯದಕ್ಕೆ "ನನಗೆ ದೇಶದ ಮೇಲೆ ಪ್ರೀತಿ ಇದೆ" ಅಂತೆಲ್ಲ ಬರೆದರೆ ಏನೂ ಆಗದು. ಅಪ್ಪನಿಗೆ ಬರೆದದ್ದು ಹೀಗಿತ್ತು: "ಏಪ್ರಿಲ್‌ನಿಂದ ಐದು ವಾರ ಮಗಳ ಮನೆಯಲ್ಲಿರುತ್ತೇವೆ. ನಮ್ಮದು ಅಡಿಕೆ ತೋಟ. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಬೇಕು. ಅದಕ್ಕೆ ಮೇ ಮೂರನೇ ವಾರದಲ್ಲಿ ನಾನು ತೋಟದಲ್ಲಿರಲೇಬೇಕು. ಅಲ್ಲಿಯವರೆಗೆ ನನ್ನ ತಮ್ಮ ತೋಟ ನೋಡಿಕೊಳ್ಳುತ್ತಾನೆ." ಇದರ ಹಿಂದೆಯೇ ಪಹಣಿ, ಮಂಡಿ ಬಿಲ್ಲು. ಅಪ್ಪನಿಗೂ ಇದು ನಿಜವಾದ ಚಿಂತೆಯೇ ಆಗಿತ್ತು. ಐದು ವಾರ ಜಾಸ್ತಿ ಆಯಿತು ಅಂತ ಕೊನೆಯವರೆಗೂ ಗೊಣಗಿದರು.

ಅರ್ಜಿ, ಸ್ಲಾಟ್, ಕೇಂದ್ರಕ್ಕೆ ಹೋಗುವ ದಿನ

ಅರ್ಜಿಯನ್ನು ಆಯಾ ದೇಶದ ಜಾಲತಾಣದಲ್ಲಿ ತುಂಬಿ, ಪ್ರಿಂಟ್ ತೆಗೆದು, ಸಹಿ ಮಾಡಬೇಕು. ಪ್ರಶ್ನೆಗಳು ಎಲ್ಲ ದೇಶಕ್ಕೂ ಹೆಚ್ಚು ಕಡಿಮೆ ಒಂದೇ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಯ ಅರ್ಜಿಗಳನ್ನು ವಿಎಫ್‌ಎಸ್ ಗ್ಲೋಬಲ್ ಅನ್ನುವ ಖಾಸಗಿ ಕಂಪನಿಯ ಕೇಂದ್ರ ತೆಗೆದುಕೊಳ್ಳುತ್ತದೆ, ಸ್ಪೇನಿನದನ್ನು ಬಿಎಲ್‌ಎಸ್ ಅನ್ನುವ ಇನ್ನೊಂದು ಕಂಪನಿ. ವೀಸಾ ಕೊಡುವುದು ಬಿಡುವುದು ಈ ಕೇಂದ್ರಗಳ ಕೈಯಲ್ಲಿ ಇಲ್ಲ. ಅವರದು ಕಾಗದ ತೆಗೆದುಕೊಂಡು ದಾಟಿಸುವ ಕೆಲಸ.

ಸ್ಲಾಟ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೇಕು. ಸಿಗದಿದ್ದರೆ ದಿನಕ್ಕೆರಡು ಸಲ ನೋಡುತ್ತಾ ಇರಿ, ರದ್ದಾದವು ಮತ್ತೆ ಕಾಣಿಸುತ್ತವೆ. "ಸ್ಲಾಟ್ ಕೊಡಿಸ್ತೀವಿ" ಅಂತ ಸಾವಿರಗಟ್ಟಲೆ ಕೇಳುವವರಿಗೆ ಪಾಸ್‌ಪೋರ್ಟ್ ನಂಬರ್ ಕೊಡಬೇಡಿ.

ವೀಸಾ ಫೀಸು ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. 2024ರ ಜೂನ್ 11ರಿಂದ ಈ ದರ. ಇದನ್ನು ರೂಪಾಯಿಯಲ್ಲಿ ಕಟ್ಟುತ್ತೀರಿ, ಮೇಲೆ ಕೇಂದ್ರದ ಸೇವಾ ಶುಲ್ಕ ಇರುತ್ತದೆ. ವೀಸಾ ಸಿಗದಿದ್ದರೆ ಎರಡೂ ವಾಪಸ್ ಇಲ್ಲ. ಎಸ್‌ಎಂಎಸ್, ಪ್ರೀಮಿಯಂ ಲೌಂಜ್ ಅಂತ ಕೌಂಟರಿನಲ್ಲಿ ಕೇಳುತ್ತಾರೆ. ಯಾವುದೂ ಕಡ್ಡಾಯ ಅಲ್ಲ. ಹಣ ಕೊಟ್ಟರೆ ವೀಸಾ ಬೇಗ ಬರುತ್ತದೆ ಅಂತಲೂ ಇಲ್ಲ.

ಫೋಟೊ 35×45 ಮಿಲಿಮೀಟರ್, ಬಿಳಿ ಹಿನ್ನೆಲೆ, ಆರು ತಿಂಗಳೊಳಗಿನದು. ಸ್ಟುಡಿಯೋದಲ್ಲಿ "ಷೆಂಗೆನ್ ವೀಸಾಕ್ಕೆ" ಅಂತ ಹೇಳಿ ತೆಗೆಸಿ. ಪಾಸ್‌ಪೋರ್ಟ್ ಸೈಜಿನ ಹಳೇ ಫೋಟೊ ನಡೆಯುವುದಿಲ್ಲ.

ಕೇಂದ್ರದಲ್ಲಿ ಹತ್ತೂ ಬೆರಳಿನ ಅಚ್ಚು ತೆಗೆದುಕೊಳ್ಳುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಒಮ್ಮೆ ಕೊಟ್ಟದ್ದು 59 ತಿಂಗಳು ನಡೆಯುತ್ತದೆ. ಅಮ್ಮನ ಬೆರಳು ಅಡಿಕೆ ಸುಲಿದು ಸುಲಿದು ಸವೆದಿತ್ತು, ಮೂರ್ನಾಲ್ಕು ಸಲ ಒತ್ತಿಸಬೇಕಾಯಿತು. ಹೀಗಿದ್ದವರು ಒಂದು ವಾರ ಮೊದಲಿನಿಂದ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೋಗುವ ದಿನ ಮಾತ್ರ ತೊಳೆದುಕೊಂಡು ಹೋಗಿ. ಹತ್ತಿರದಲ್ಲಿ ಮದುವೆ ಇದ್ದರೆ ಬೆರಳ ತುದಿಗೆ ಮದರಂಗಿ ಬೇಡ.

ಮಕ್ಕಳನ್ನು ಒಬ್ಬ ಪೋಷಕರಷ್ಟೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಮರೆಯಬೇಡಿ.

ತಿರಸ್ಕಾರ ಆದರೆ

ಪಾಸ್‌ಪೋರ್ಟ್ ಜೊತೆ ಒಂದು ಪತ್ರ ಬರುತ್ತದೆ. ಅದರಲ್ಲಿ ಕಾರಣಗಳ ಪಟ್ಟಿ ಇದ್ದು, ನಿಮಗೆ ಸಂಬಂಧಿಸಿದ್ದಕ್ಕೆ ಗುರುತು ಹಾಕಿರುತ್ತಾರೆ. ಬೇಜಾರಿನಲ್ಲಿ ಹರಿದು ಹಾಕಬೇಡಿ, ಓದಿ. "ಉದ್ದೇಶ ಸ್ಪಷ್ಟವಿಲ್ಲ" ಅಂತಿದ್ದರೆ ಪ್ರವಾಸದ ಯೋಜನೆ ಮತ್ತು ಬುಕಿಂಗ್ ತಾಳೆಯಾಗಿಲ್ಲ. "ಹಿಂತಿರುಗುವ ಬಗ್ಗೆ ಅನುಮಾನ" ಅಂತಿದ್ದರೆ ಊರಿನ ಕಾಗದ ಸಾಲದು. ಮೇಲ್ಮನವಿಗೆ ಅವಕಾಶ ಇದೆ, ಹೇಗೆ ಅಂತ ಅದೇ ಪತ್ರದಲ್ಲಿ ಬರೆದಿರುತ್ತದೆ. ಜರ್ಮನಿ ಮಾತ್ರ ಕಾನ್ಸುಲೇಟಿಗೇ ಆಕ್ಷೇಪಣೆ ಬರೆಯುವ ಪದ್ಧತಿಯನ್ನು 2025ರ ಜುಲೈ 1ರಿಂದ ನಿಲ್ಲಿಸಿದೆ. ಅಲ್ಲಿ ಉಳಿದಿರುವ ದಾರಿ ಕೋರ್ಟು ಅಥವಾ ಹೊಸ ಅರ್ಜಿ. ಕೊರತೆ ಕಾಗದದ್ದಾದರೆ ಹೊಸ ಅರ್ಜಿಯೇ ವಾಸಿ. ಆದರೆ ಅದೇ ಫೈಲನ್ನು ಮತ್ತೆ ಕೊಟ್ಟರೆ ಅದೇ ಉತ್ತರ.

ವೀಸಾ ಬಂದ ಮೇಲೆ

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ ನೋಡಿ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಕಡೆ, ಎಷ್ಟು ದಿನ ಇರಬಹುದು ಅಂತ ಇನ್ನೊಂದು ಕಡೆ ಇರುತ್ತದೆ. ಎರಡೂ ಬೇರೆ. 50 ದಿನದ ಅವಧಿಯ ವೀಸಾದಲ್ಲಿ ಇರಲು 35 ದಿನ ಅಂತಿದ್ದರೆ 35ಕ್ಕೇ ಹೊರಡಬೇಕು. ಎಷ್ಟು ಸಲ ಒಳಗೆ ಹೋಗಬಹುದು ಅಂತಲೂ ಇರುತ್ತದೆ. 01 ಅಂತಿದ್ದು, ನಡುವೆ ಲಂಡನ್‌ಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ ಆಗಿದೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು, ನಿಯಮ ಮೀರದೆ ಬಳಸಿದವರಿಗೆ ಎರಡು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿ ಬರುವ ವೀಸಾ ಸಿಗಬಹುದು. ಆಮೇಲೆ ಐದು ವರ್ಷದ್ದು. ಪಾಸ್‌ಪೋರ್ಟ್ ಅಷ್ಟು ದಿನ ಚಾಲ್ತಿಯಲ್ಲಿರಬೇಕು ಅಷ್ಟೇ.

ಹೊರಡುವ ದಿನ ವಿಮೆ, ಆಹ್ವಾನ ಪತ್ರ, ವಾಪಸ್ ಟಿಕೆಟ್, ಮಗಳ ವಿಳಾಸ, ಫೋನ್ ನಂಬರ್ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಅಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಅಲ್ಲಿನ ಅಧಿಕಾರಿ ಮತ್ತೆ ಕೇಳಬಹುದು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಸೀಲು ಒತ್ತುವ ಬದಲು ಫೋಟೊ, ಬೆರಳಚ್ಚು ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮುಂದಿನ ವಿಮಾನಕ್ಕೆ ಒಂದೇ ಗಂಟೆ ಅಂತರ ಇಟ್ಟುಕೊಳ್ಳಬೇಡಿ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ಒಂದು ಹಾಳೆಯಲ್ಲಿ ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ, ವಾಪಸ್ ಯಾವತ್ತು ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಅವರ ಅಂಗಿ ಜೇಬಿಗೆ ಹಾಕಿದ್ದೆ. ಅಧಿಕಾರಿ ಬಾಯಿ ತೆರೆಯುವ ಮೊದಲೇ ಅವರು ಅದನ್ನು ತೆಗೆದು ಕೌಂಟರಿನ ಮೇಲಿಟ್ಟರಂತೆ.